ರಾಜನ ಬಾಗಿಲು ತೆರೆಯಬೇಡಿ

ಮಕ್ಕಳೇ, ಅಜ್ಜ-ಅಜ್ಜಿಯರೇ, ಚದುರಂಗದ ಮಣೆ ಹಾಸಿಕೊಂಡು ಇದನ್ನು ಓದಿ. ನಮ್ಮ ಕಾಲದಲ್ಲಿ ಮಂತ್ರಿ ಎನ್ನುತ್ತಿದ್ದ ಕಾಯಿಯನ್ನು ಈಗಿನ ಮಕ್ಕಳು ರಾಣಿ ಎನ್ನುತ್ತಾರೆ. ನಾನೂ ಹಾಗೇ ಬರೆಯುತ್ತೇನೆ.

ಬಿಳಿ ಕಾಲಾಳು ಇ4ಕ್ಕೆ, ಕಪ್ಪು ಕಾಲಾಳು ಇ5ಕ್ಕೆ ಬಂದವು. ಬಿಳಿ ಕುದುರೆ ಎಫ್3ಕ್ಕೆ ಹಾರಿ ಆ ಕಪ್ಪು ಕಾಲಾಳಿನ ಮೇಲೆ ಕಣ್ಣಿಟ್ಟಿತು. ಆಗ ಹೊಸಬರು ಏನು ಮಾಡುತ್ತಾರೆ? ಪಕ್ಕದ ಕಾಲಾಳನ್ನು ಎಫ್6ಕ್ಕೆ ತಳ್ಳಿ ಕಾವಲು ನಿಲ್ಲಿಸುತ್ತಾರೆ. ನೋಡಲು ಭದ್ರ, ಒಳಗೆ ಟೊಳ್ಳು. ಇದಕ್ಕೆ ಡಾಮಿಯಾನೊ ರಕ್ಷಣೆ ಎಂದು ಹೆಸರು. ಪೋರ್ಚುಗಲ್ಲಿನ ಔಷಧ ವ್ಯಾಪಾರಿ ಪೆಡ್ರೊ ಡಾಮಿಯಾನೊ 1512ರಲ್ಲಿ ರೋಮ್‌ನಲ್ಲಿ ಅಚ್ಚಾದ ತನ್ನ ಪುಸ್ತಕದಲ್ಲಿ ಈ ನಡೆ ಕೆಟ್ಟದ್ದೆಂದೇ ಹೇಳಿದ್ದ. ಬೇಡ ಎಂದವನ ಹೆಸರೇ ಅದಕ್ಕೆ ಅಂಟಿಕೊಂಡಿತು, ಪಾಪ!

ಭದ್ರಾವತಿಯಲ್ಲಿರುವ ನನ್ನ ಮೊಮ್ಮಗಳು ಆರನೇ ತರಗತಿ. ಶಾಲೆಯಿಂದ ತಾಲ್ಲೂಕು ಮಟ್ಟದ ಪಂದ್ಯಕ್ಕೆ ಆಯ್ಕೆಯಾಗಿದ್ದಳು. ಭಾನುವಾರ ನಾನು ಶಿವಮೊಗ್ಗದಿಂದ ಬಸ್ಸಿನಲ್ಲಿ ಹೋದಾಗ ಅವಳು ಆಡಿದ್ದೂ ಇದೇ ಎಫ್6. ನನ್ನ ಕುದುರೆ ಇ5ರ ಕಾಲಾಳನ್ನು ಹೊಡೆಯಿತು. "ತಾತಾ, ಕುದುರೆ ಹೋಯ್ತು!" ಎಂದು ಚಪ್ಪಾಳೆ ತಟ್ಟಿ ಎಫ್6ರ ಕಾಲಾಳಿನಿಂದ ಅದನ್ನು ಹೊಡೆದಳು. ನನ್ನ ರಾಣಿ ನೇರ ಎಚ್5ಕ್ಕೆ ಹೋಗಿ ರಾಜನಿಗೆ ಚೆಕ್ ಕೊಟ್ಟಳು.

ಈಗ ಕಪ್ಪಿಗೆ ಎರಡೇ ದಾರಿ. ಜಿ6ಕ್ಕೆ ಕಾಲಾಳು ಇಟ್ಟರೆ ರಾಣಿ ಇ5ರ ಕಾಲಾಳನ್ನು ಹೊಡೆದು ಮತ್ತೆ ಚೆಕ್. ಜತೆಗೆ ಎಚ್8ರ ಆನೆಯ ಮೇಲೂ ಅವಳ ಕಣ್ಣು. ರಾಜ ಉಳಿದರೂ ಆನೆ ಉಳಿಯದು. ಬ್ಯಾಂಕಿನಲ್ಲಿದ್ದವನು ನಾನು, ಲೆಕ್ಕ ಹಾಕಿಬಿಡುತ್ತೇನೆ: ಕೊಟ್ಟದ್ದು ಕುದುರೆ, 3 ಅಂಕ. ಪಡೆದದ್ದು ಎರಡು ಕಾಲಾಳು, ಒಂದು ಆನೆ, 7 ಅಂಕ. ಇನ್ನೊಂದು ದಾರಿ, ರಾಜ ಇ7ಕ್ಕೆ ಬರುವುದು. ಆಗ ರಾಣಿ ಇ5ರಲ್ಲಿ ಚೆಕ್ ಕೊಡುತ್ತಾಳೆ, ರಾಜ ಎಫ್7ಕ್ಕೆ ಓಡುತ್ತಾನೆ, ಒಂಟೆ ಸಿ4ಕ್ಕೆ ಬಂದು ಅಟ್ಟುತ್ತದೆ. ಬಯಲಿಗೆ ಬಿದ್ದ ರಾಜ ಬಹಳ ಹೊತ್ತು ಬಾಳುವುದಿಲ್ಲ.

ಮೊಮ್ಮಗಳ ಕಣ್ಣು ತುಂಬಿತು. "ಇನ್ನು ಚೆಸ್ ಬೇಡ, ಪಂದ್ಯಕ್ಕೂ ಹೋಗಲ್ಲ" ಅಂದಳು. ಅಡುಗೆಮನೆಯಿಂದ ಮಗಳು, "ಅಪ್ಪಾ, ಮಗು ಮೇಲೆ ಗೆದ್ದು ನಿಮಗೇನು ಸಿಗುತ್ತೆ? ಒಂದಾಟ ಸೋಲಬಾರದಿತ್ತಾ?" ಎಂದಳು.

"ಪಂದ್ಯದಲ್ಲಿ ಎದುರಿಗೆ ಕೂರೋರು ಯಾರೂ ತಾತ ಅಲ್ಲಮ್ಮ" ಎಂದೆ. ಮಣೆಯನ್ನು ತಿರುಗಿಸಿ, ಬಿಳಿಯನ್ನು ಮೊಮ್ಮಗಳ ಕಡೆ ಇಟ್ಟು, ನಾನೇ ಎಫ್6 ಆಡಿದೆ. ಸ್ವಲ್ಪ ಹೊತ್ತು ಮುಖ ಊದಿಸಿಕೊಂಡಿದ್ದಳು. ಆಮೇಲೆ ಕುದುರೆ, ರಾಣಿ, ಆನೆ ಎಲ್ಲವನ್ನೂ ಕ್ರಮವಾಗಿ ಆಡಿ ನನ್ನ ಆನೆಯನ್ನು ಎತ್ತಿಕೊಂಡಳು. ಎಫ್6 ಏಕೆ ಕೆಟ್ಟದ್ದೆಂದು ಅವಳೇ ಹೇಳಿದಳು: ಕುದುರೆ ಕೂರಬೇಕಾದ ಜಾಗವೂ ಹೋಯಿತು, ರಾಜನ ಬಾಗಿಲೂ ತೆರೆಯಿತು. ಬದಲಿಗೆ ಬಿ8ರ ಕುದುರೆ ಸಿ6ಕ್ಕೆ ಬಂದರೆ ಕಾವಲೂ ಆಯಿತು, ಕಾಯಿಯೂ ಹೊರಬಂತು. ಪಂದ್ಯಕ್ಕೆ ಹೋದಳು, ಎರಡು ಆಟ ಗೆದ್ದು, ಮೂರು ಸೋತು, ನಗುತ್ತಾ ಬಂದಳು.

ಕೆಟ್ಟ ನಡೆ ಆಡಿದ ಮಾತ್ರಕ್ಕೆ ಆಟ ಮುಗಿಯುವುದಿಲ್ಲ. 1964ರಲ್ಲಿ ಅಮೆರಿಕದ ಹ್ಯೂಸ್ಟನ್‌ನಲ್ಲಿ ಬಾಬಿ ಫಿಷರ್ ಒಟ್ಟಿಗೆ ಹಲವರ ಎದುರು ಆಡುತ್ತಿದ್ದಾಗ ಮೆಕ್‌ಗ್ರೆಗರ್ ಎಂಬಾತ ಇದೇ ಎಫ್6 ಆಡಿದ. ಆದರೆ ಕುದುರೆಯನ್ನು ಹೊಡೆಯುವ ಆಸೆಗೆ ಬೀಳದೆ ರಾಣಿಯನ್ನು ಇ7ಕ್ಕೆ ತಂದ. ಫಿಷರ್ ಕುದುರೆಯನ್ನು ಹಿಂದಕ್ಕೆ ಕರೆದುಕೊಂಡರು. ಕೊನೆಗೆ ಆಟ ಡ್ರಾ!

ನಮ್ಮ ಶಿವಮೊಗ್ಗ ಜಿಲ್ಲೆಯ ಜಿ.ಎ. ಸ್ಟ್ಯಾನಿ ಗ್ರ್ಯಾಂಡ್‌ಮಾಸ್ಟರ್ ಆಗಿದ್ದಾರೆ. ಅವರೂ ಕಾಲಾಳು ನಡೆಸುವುದರಿಂದಲೇ ಕಲಿತವರು. ಅಜ್ಜ-ಅಜ್ಜಿಯರೇ, ಮಕ್ಕಳೆದುರು ಬೇಕೆಂದೇ ಸೋಲಬೇಡಿ. ಗೆದ್ದ ಮೇಲೆ ಮಣೆ ತಿರುಗಿಸುವುದನ್ನು ಮರೆಯಬೇಡಿ.

ಮಕ್ಕಳಿಗೊಂದು ಲೆಕ್ಕ: ಕಪ್ಪು ರಾಣಿ ಇ7ಕ್ಕೆ ಬಂದ ಮೇಲೂ ಬಿಳಿ ರಾಣಿ ಉತ್ಸಾಹದಿಂದ ಎಚ್5ಕ್ಕೆ ಹೋಗಿ ಚೆಕ್ ಕೊಟ್ಟರೆ ನಷ್ಟ ಯಾರಿಗೆ? ಆಡಿ ನೋಡಿ.