ಛಾಯಾಚಿತ್ರದ ದೇಶಕಾಲ ನಿರ್ಣಯ: ಮಸ್ಕಿಯ ಶಾಸನವೂ ಸೋವಿಯತ್ ಚಿತ್ರಗಳೂ

ಪ್ರಾಚೀನ ಗ್ರಂಥವೊಂದು ದೊರೆತಾಗ ಅದರ ಕರ್ತೃ ಯಾರು, ಕಾಲ ಯಾವುದು, ದೇಶ ಯಾವುದು ಎಂಬ ಮೂರು ಪ್ರಶ್ನೆಗಳು ಮೊದಲು ಏಳುತ್ತವೆ. ಇವುಗಳಿಗೆ ಉತ್ತರವನ್ನು ಕಂಡುಕೊಳ್ಳುವ ಕ್ರಮವನ್ನು ಕನ್ನಡದ ವಿದ್ವಾಂಸರು ಶಾಸನಗಳಿಂದಲೂ ಓಲೆಯ ಪ್ರತಿಗಳಿಂದಲೂ ಚೆನ್ನಾಗಿ ಅಭ್ಯಾಸಮಾಡಿದ್ದಾರೆ. ಛಾಯಾಚಿತ್ರದ ವಿಷಯದಲ್ಲಿ ಮಾತ್ರ ಈ ಎಚ್ಚರವು ಅನೇಕವೇಳೆ ತಪ್ಪುತ್ತದೆ. ಕಣ್ಣಿಗೆ ಕಾಣುವುದೆಲ್ಲ ನಿಜವೆಂಬ ಭಾವನೆಯಿಂದ, ಚಿತ್ರದ ಕೆಳಗೆ ಯಾರೋ ಬರೆದ ಒಂದು ಸಾಲನ್ನೇ ಪ್ರಮಾಣವೆಂದು ಹಿಡಿಯುವುದುಂಟು. ೧೯೧೭ರಿಂದ ೧೯೯೧ರವರೆಗಿನ ಸೋವಿಯತ್ ಕಾಲದ ಚಿತ್ರಗಳಲ್ಲಿ ಈ ಅಭ್ಯಾಸದಿಂದಾಗುವ ಹಾನಿಯು ಅಧಿಕ. ಏಕೆಂದರೆ ಅಲ್ಲಿ ಚಿತ್ರಗಳನ್ನು ತಿದ್ದುವ ಕೆಲಸವು ರಾಜ್ಯಾಧಿಕಾರದ ಇಚ್ಛೆಗೆ ಅನುಸಾರವಾಗಿ ನಡೆದದ್ದುಂಟು. ಛಾಯಾಚಿತ್ರವೂ ಒಂದು ಪಾಠವೇ. ಅದಕ್ಕೂ ಪ್ರತ್ಯಂತರಗಳುಂಟು, ಪಾಠಾಂತರಗಳುಂಟು, ಪ್ರಕ್ಷೇಪಗಳುಂಟು. ಆದುದರಿಂದ ಗ್ರಂಥಸಂಪಾದನೆಯ ಮಾರ್ಗವೇ ಅದರ ಮೂಲನಿರ್ಣಯಕ್ಕೂ ಸರಿಯಾದ ಮಾರ್ಗ. ಇದನ್ನು ವಿಶದಪಡಿಸಲು ರಾಯಚೂರು ಜಿಲ್ಲೆಯ ಮಸ್ಕಿಯು ಅತ್ಯುತ್ತಮವಾದ ನಿದರ್ಶನವನ್ನು ಒದಗಿಸುತ್ತದೆ.

ಮಸ್ಕಿಯ ನಿದರ್ಶನ

೧೮೩೭ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮೀಲಿಪಿಯನ್ನು ಓದುವುದರಲ್ಲಿ ಸಫಲನಾದನು. ಬಂಡೆಗಳಲ್ಲಿಯೂ ಕಂಬಗಳಲ್ಲಿಯೂ ‘ದೇವಾನಂಪಿಯ ಪಿಯದಸಿ’ ಎಂಬ ರಾಜನು ಮಾತನಾಡುತ್ತಿದ್ದನು. ಆದರೆ ಅವನು ಯಾರೆಂಬುದು ಆ ಶಾಸನಗಳಿಂದ ತಿಳಿಯುತ್ತಿರಲಿಲ್ಲ. ಸಿಂಹಳದಲ್ಲಿ ದೇವಾನಂಪಿಯ ತಿಸ್ಸನೆಂಬ ಅರಸನು ಇದ್ದುದರಿಂದ, ಬಿರುದಿನ ಸಾಮ್ಯವನ್ನು ನಂಬಿ, ಪ್ರಿನ್ಸೆಪನು ಮೊದಲು ಅವನೇ ಇವನೆಂದು ಊಹಿಸಿದನು. ಅದೇ ವರ್ಷ ಜಾರ್ಜ್ ಟರ್ನರನು ದೀಪವಂಸವೆಂಬ ಪಾಲಿಗ್ರಂಥದಲ್ಲಿ ಅಶೋಕನಿಗೇ ಪಿಯದಸ್ಸನನೆಂಬ ಹೆಸರಿರುವುದನ್ನು ತೋರಿಸಿದನು. ಊಹೆಯು ತಿದ್ದಲ್ಪಟ್ಟಿತು. ಆದರೂ ಅಶೋಕನ ಹೆಸರನ್ನೇ ಹೇಳುವ ಶಿಲಾಲೇಖವು ಮಾತ್ರ ದೊರೆತಿರಲಿಲ್ಲ.

ಎಪ್ಪತ್ತೆಂಟು ವರ್ಷಗಳ ತರುವಾಯ, ೧೯೧೫ರಲ್ಲಿ, ನಿಜಾಮರ ಸಂಸ್ಥಾನದ ಲಿಂಗಸುಗೂರು ತಾಲ್ಲೂಕಿಗೆ ಸೇರಿದ್ದ ಮಸ್ಕಿಯಲ್ಲಿ ಸಿ. ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರನು ಒಂದು ಬಂಡೆಯ ಮೇಲೆ ಬ್ರಾಹ್ಮೀ ಅಕ್ಷರಗಳನ್ನು ಕಂಡನು. ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ, ಹೈದರಾಬಾದಿನ ಪ್ರಾಕ್ತನ ಗ್ರಂಥಮಾಲೆಯ ಮೊದಲನೆಯ ಸಂಪುಟವಾಗಿ ಪ್ರಕಟಿಸಿದರು. ಶಾಸನದ ವಿಷಯವು ಹೊಸದಲ್ಲ. ರೂಪನಾಥ, ಸಹಸ್ರಾಮ್, ಬೈರಾಟ, ಬ್ರಹ್ಮಗಿರಿ ಮೊದಲಾದ ಕಡೆಗಳಲ್ಲಿ ದೊರೆತ ಲಘುಶಿಲಾಶಾಸನದ್ದೇ ಒಂದು ಪ್ರತಿಯದು. ಆ ಪ್ರತಿಗಳಲ್ಲಿ ಇಲ್ಲದ ಒಂದು ಪದವು ಇಲ್ಲಿದ್ದಿತು. ಅದು ‘ಅಸೋಕ’ ಎಂಬ ಹೆಸರು.

ಒಂದು ಪ್ರತಿಯಲ್ಲಿ ಉಳಿದ ಹೆಸರು ಅದೇ ಪಾಠದ ಎಲ್ಲ ಪ್ರತಿಗಳಿಗೂ ಒಡೆಯನನ್ನು ಒದಗಿಸಿತು. ಮುಂದೆ ಮಧ್ಯಪ್ರದೇಶದ ಗುಜ್ಜರಾದಲ್ಲಿಯೂ, ಸಿಂಧನೂರಿನ ದಕ್ಷಿಣಕ್ಕೆ ತುಂಗಭದ್ರೆಯ ಆಚೆಗಿರುವ ಸಿರುಗುಪ್ಪ ಸೀಮೆಯ ನಿಟ್ಟೂರು, ಉಡೇಗೊಳಗಳಲ್ಲಿಯೂ ಅದೇ ಹೆಸರು ಕಾಣಿಸಿಕೊಂಡು, ಮಸ್ಕಿಯ ಸಾಕ್ಷ್ಯವು ಒಂಟಿಯಾಗಿ ಉಳಿಯಲಿಲ್ಲ. ಈ ವೃತ್ತಾಂತದಿಂದ ಮೂರು ನಿಯಮಗಳು ಹೊರಡುತ್ತವೆ. ಸಾಮ್ಯವು ಪ್ರಮಾಣವಲ್ಲ, ಲಭ್ಯವಾದ ಎಲ್ಲ ಪ್ರತಿಗಳನ್ನೂ ಹೋಲಿಸಿನೋಡಬೇಕು, ಒಂದು ಪ್ರತಿಯ ಮಾತನ್ನು ಮತ್ತೊಂದು ಸ್ವತಂತ್ರವಾದ ಸಾಕ್ಷ್ಯವು ದೃಢಪಡಿಸಬೇಕು.

ಪ್ರತ್ಯಂತರ ಮತ್ತು ಪ್ರಕ್ಷೇಪ

ಈ ನಿಯಮಗಳು ಸೋವಿಯತ್ ಚಿತ್ರಗಳಲ್ಲಿ ಹೇಗೆ ಅನ್ವಯವಾಗುವುವೆಂಬುದನ್ನು ನೋಡಬಹುದು. ೧೯೨೦ನೆಯ ಮೇ ೫ರಂದು ಮಾಸ್ಕೋ ನಗರದ ಚೌಕವೊಂದರಲ್ಲಿ ಲೆನಿನ್ ಮರದ ವೇದಿಕೆಯ ಮೇಲೆ ನಿಂತು ಸೈನಿಕರನ್ನು ಉದ್ದೇಶಿಸಿ ಭಾಷಣಮಾಡಿದನು. ಗೋಲ್ಡ್‌ಷ್ಟೈನ್ ತೆಗೆದ ಚಿತ್ರದಲ್ಲಿ ವೇದಿಕೆಯ ಪಕ್ಕದ ಮೆಟ್ಟಿಲುಗಳ ಮೇಲೆ ಟ್ರಾಟ್‌ಸ್ಕಿ, ಕಾಮೆನೆವ್ ಇಬ್ಬರೂ ಸ್ಪಷ್ಟವಾಗಿ ಕಾಣುತ್ತಾರೆ. ಅವರು ಅಧಿಕಾರದಿಂದ ಬಿದ್ದ ಬಳಿಕ ಅಚ್ಚಾದ ಪ್ರತಿಗಳಲ್ಲಿ ಆ ಮೆಟ್ಟಿಲುಗಳು ಬರಿದಾಗಿವೆ. ತಿದ್ದಿದ ಪ್ರತಿಯೊಂದನ್ನೇ ನೋಡಿದವನಿಗೆ ಅಲ್ಲಿ ಇಬ್ಬರು ನಿಂತಿದ್ದರೆಂಬ ಸಂಶಯವೂ ಬರುವಂತಿಲ್ಲ. ಪ್ರತ್ಯಂತರವು ದೊರೆತರೆ ಮಾತ್ರ ಲೋಪವು ಗೋಚರವಾಗುತ್ತದೆ. ಡೇವಿಡ್ ಕಿಂಗ್ ಎಂಬವನು ಇಂತಹ ಜೋಡಿ ಪ್ರತಿಗಳನ್ನು ಬಹುಕಾಲ ಸಂಗ್ರಹಿಸಿ ೧೯೯೭ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದನು.

ಇನ್ನೊಂದು ಪ್ರಸಿದ್ಧ ಚಿತ್ರವು ಬರ್ಲಿನ್ನಿನ ರೈಖ್‌ಸ್ಟಾಗ್ ಕಟ್ಟಡದ ಮೇಲೆ ಕೆಂಪು ಬಾವುಟವನ್ನು ಏರಿಸುವ ದೃಶ್ಯ. ಇದನ್ನು ಯೆವ್‌ಗೆನಿ ಖಾಲ್ದೇಯ್ ೧೯೪೫ನೆಯ ಮೇ ೨ರಂದು ತೆಗೆದನು. ಅದೇ ತಿಂಗಳು ‘ಒಗೊನ್ಯೋಕ್’ ಪತ್ರಿಕೆಯಲ್ಲಿ ಅದು ಅಚ್ಚಾಯಿತು. ಸೈನಿಕನೊಬ್ಬನ ಎರಡು ಕೈಗಳಲ್ಲಿಯೂ ಗಡಿಯಾರಗಳು ಕಾಣುತ್ತಿದ್ದುದರಿಂದ, ಲೂಟಿಯ ಆರೋಪಕ್ಕೆ ಎಡೆಯಾಗದಂತೆ ಒಂದನ್ನು ಅಳಿಸಲಾಯಿತು; ಹಿನ್ನೆಲೆಯಲ್ಲಿ ಹೊಗೆಯನ್ನು ದಟ್ಟವಾಗಿಸಲಾಯಿತು. ಘಟನೆಯು ನಿಜ, ಸ್ಥಳವು ನಿಜ, ಹೊಗೆಯು ಪ್ರಕ್ಷೇಪ. ಗ್ರಂಥದಲ್ಲಿ ಒಂದು ಪದ್ಯವು ಪ್ರಕ್ಷಿಪ್ತವಾದ ಮಾತ್ರಕ್ಕೆ ಗ್ರಂಥವೆಲ್ಲವೂ ಕೃತಕವೆನಿಸುವುದಿಲ್ಲವಷ್ಟೆ. ಇಲ್ಲಿಯೂ ಅದೇ ವಿವೇಕವು ಬೇಕು.

ಅಡಿಬರಹದ ಪ್ರಾಮಾಣ್ಯ

ಚಿತ್ರದ ಅಡಿಬರಹವನ್ನು ಎಷ್ಟರಮಟ್ಟಿಗೆ ನಂಬಬೇಕೆಂಬುದಕ್ಕೆ ಮಾಕ್ಸ್ ಅಲ್ಪರ್ಟನು ತೆಗೆದ ‘ಕೊಂಬಾಟ್’ ಎಂಬ ಚಿತ್ರವು ಉದಾಹರಣೆ. ೧೯೪೨ರ ಬೇಸಗೆಯಲ್ಲಿ ಯುಕ್ರೇನಿನ ರಣರಂಗದಲ್ಲಿ, ಪಿಸ್ತೂಲನ್ನು ಮೇಲೆತ್ತಿ ಸೈನಿಕರನ್ನು ಮುನ್ನುಗ್ಗಲು ಹುರಿದುಂಬಿಸುವ ಅಧಿಕಾರಿಯೊಬ್ಬನ ಚಿತ್ರವಿದು. ಕೊಂಬಾಟನು ಹತನಾದನೆಂಬ ಕೂಗನ್ನು ಕೇಳಿ ಛಾಯಾಗ್ರಾಹಕನು ಆ ಹೆಸರನ್ನಿಟ್ಟನು. ಕೊಂಬಾಟ್ ಎಂದರೆ ಬಟಾಲಿಯನ್ನಿನ ನಾಯಕ. ದಶಕಗಳ ತರುವಾಯ ನಡೆದ ಶೋಧನೆಯಲ್ಲಿ, ಮನೆಯವರೂ ಗುರುತಿಸಿದುದರಿಂದ, ಆತನು ಅಲೆಕ್ಸೇಯ್ ಯೆರೆಮೆಂಕೊ ಎಂಬ ಕಿರಿಯ ರಾಜಕೀಯಾಧಿಕಾರಿಯೆಂದು ನಿರ್ಣಯವಾಯಿತು. ಅಡಿಬರಹವು ಸುಳ್ಳನ್ನು ಹೇಳುವ ಉದ್ದೇಶದಿಂದ ಹುಟ್ಟಿದುದಲ್ಲ. ಆದರೂ ಅದು ಒಬ್ಬನ ಪದವಿಯನ್ನು ತಪ್ಪಾಗಿ ಹೇಳಿ, ಅವನ ಹೆಸರನ್ನು ಬಹುಕಾಲ ಮರೆಸಿತು.

ಆಂತರಿಕ ಪ್ರಮಾಣಗಳು

ಅಡಿಬರಹವಿಲ್ಲದ ಚಿತ್ರದಲ್ಲಿಯೂ ಕಾಲನಿರ್ಣಯಕ್ಕೆ ಸಾಧನಗಳಿರುತ್ತವೆ. ಶಾಸನಜ್ಞರಿಗೆ ಲಿಪಿಯು ಹೇಗೋ, ಇಲ್ಲಿ ಅಂಗಡಿಯ ಫಲಕವೂ ಮೆರವಣಿಗೆಯ ಬಟ್ಟೆಯ ಬರಹವೂ ಹಾಗೆ. ೧೯೧೮ರಲ್ಲಿ ರಷ್ಯನ್ ಬರವಣಿಗೆಯು ಸುಧಾರಿಸಲ್ಪಟ್ಟು ಕೆಲವು ಹಳೆಯ ಅಕ್ಷರಗಳು ಬಿಟ್ಟುಹೋದವು. ಉಜ್ಬೆಕ್ ಭಾಷೆಯು ೧೯೨೦ರ ದಶಕದ ಕೊನೆಯವರೆಗೆ ಅರಬ್ಬಿ ಲಿಪಿಯಲ್ಲಿಯೂ, ಆಮೇಲೆ ಲ್ಯಾಟಿನ್ ಲಿಪಿಯಲ್ಲಿಯೂ, ೧೯೪೦ರಿಂದೀಚೆಗೆ ಸಿರಿಲ್ಲಿಕ್ ಲಿಪಿಯಲ್ಲಿಯೂ ಬರೆಯಲ್ಪಟ್ಟಿತು. ಊರಿನ ಹೆಸರುಗಳೂ ಹೀಗೆಯೇ. ಪೆತ್ರೊಗ್ರಾದ್ ೧೯೨೪ರಲ್ಲಿ ಲೆನಿನ್‌ಗ್ರಾದ್ ಆಯಿತು. ತ್ಸಾರಿತ್ಸಿನ್ ೧೯೨೫ರಲ್ಲಿ ಸ್ಟಾಲಿನ್‌ಗ್ರಾದ್ ಆಗಿ, ೧೯೬೧ರಲ್ಲಿ ವೋಲ್ಗೊಗ್ರಾದ್ ಎನಿಸಿತು. ಕೆಂಪು ಸೈನ್ಯದ ಉಡುಪಿನಲ್ಲಿ ಭುಜಪಟ್ಟಿಗಳು ಬಂದದ್ದು ೧೯೪೩ರ ಜನವರಿಯಲ್ಲಿ. ಅದಕ್ಕೆ ಹಿಂದೆ ಪದವಿಯ ಚಿಹ್ನೆಗಳು ಕೊರಳಪಟ್ಟಿಯ ಮೇಲಿದ್ದವು. ಆದಕಾರಣ ಕೆಂಪು ಸೈನಿಕನ ಹೆಗಲಿನಲ್ಲಿ ಭುಜಪಟ್ಟಿಯಿರುವ ಚಿತ್ರವನ್ನು ೧೯೪೧ರದೆಂದು ಹೇಳಿದರೆ, ಹೇಳಿದವರು ಯಾರೇ ಆಗಲಿ, ಅದನ್ನು ಒಪ್ಪುವಂತಿಲ್ಲ.

ಇದೇ ವಿಚಾರವು ಸ್ವದೇಶದ ಚಿತ್ರಗಳಿಗೂ ಸಲ್ಲುತ್ತದೆ. ಲಿಂಗಸುಗೂರು ೧೯೦೫ರವರೆಗೆ ಪ್ರತ್ಯೇಕವಾದ ಜಿಲ್ಲೆಯಾಗಿದ್ದಿತು. ಬಳಿಕ ರಾಯಚೂರಿಗೆ ಸೇರಿತು. ಈ ಪ್ರಾಂತವು ೧೯೫೬ರಲ್ಲಿ ಮೈಸೂರು ರಾಜ್ಯಕ್ಕೆ ಬಂದಿತು. ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ೧೯೭೩ರಲ್ಲಿ ಆಯಿತು. ಹಿಂದೆ ಲಿಂಗಸುಗೂರಿಗೆ ಸೇರಿದ್ದ ಮಸ್ಕಿಯು ಈಗ ತಾನೇ ಒಂದು ತಾಲ್ಲೂಕು. ಚಿತ್ರದ ಹಿಂಬದಿಯಲ್ಲಿ ಇವುಗಳಲ್ಲಿ ಯಾವ ಹೆಸರಿದೆಯೆಂಬುದೇ ಆ ಬರಹದ ಕಾಲವನ್ನು ಸೂಚಿಸುತ್ತದೆ. ಸಿಂಧನೂರಿನ ಸುತ್ತಣ ಕಪ್ಪುನೆಲದಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯು ಕಾಣುವ ಚಿತ್ರವು, ೧೯೫೩ರಲ್ಲಿ ಪೂರ್ಣವಾದ ಅಣೆಕಟ್ಟಿನ ಯೋಜನೆಗಿಂತ ಹಿಂದಿನದಾಗಲಾರದು.

ಸ್ಥಳನಿರ್ಣಯಕ್ಕೆ ಹಂಪೆಯು ಮಾದರಿಯಾಗಿದೆ. ಮದ್ರಾಸ್ ಸೈನ್ಯದ ಅಲೆಗ್ಸಾಂಡರ್ ಗ್ರೀನ್‌ಲಾ ೧೮೫೬ರಲ್ಲಿ ಅಲ್ಲಿಯ ಅವಶೇಷಗಳನ್ನು ಮೇಣಕಾಗದದ ನೆಗೆಟಿವ್‌ಗಳಲ್ಲಿ ಚಿತ್ರಿಸಿದನು. ಅವು ೧೯೮೦ರಲ್ಲಿ ಬೆಳಕಿಗೆ ಬಂದ ಮೇಲೆ, ಜಾನ್ ಗೋಲಿಂಗ್ಸ್ ಎಂಬ ಛಾಯಾಗ್ರಾಹಕನು ಗ್ರೀನ್‌ಲಾ ನಿಂತಿದ್ದ ಜಾಗಗಳನ್ನೇ ಹುಡುಕಿ ನಿಂತು, ಅವೇ ನೋಟಗಳನ್ನು ಮತ್ತೆ ತೆಗೆದನು. ವಿಠ್ಠಲ ದೇವಾಲಯದ ಕಲ್ಲಿನ ರಥದ ಮೇಲೆ ಹಳೆಯ ಚಿತ್ರದಲ್ಲಿರುವ ಇಟ್ಟಿಗೆಯ ಶಿಖರವು ಈಗ ಇಲ್ಲ. ಉಳಿದ ಕಲ್ಲು ಸ್ಥಳವನ್ನೂ, ಅಳಿದ ಇಟ್ಟಿಗೆ ಕಾಲವನ್ನೂ ಹೇಳಿದಂತಾಯಿತು.

ಪರೀಕ್ಷೆಯ ಕ್ರಮ

ಸೋವಿಯತ್ ಚಿತ್ರಗಳು ಕನ್ನಡನಾಡಿಗೆ ಹೆಚ್ಚಾಗಿ ಮುದ್ರಿತ ರೂಪದಲ್ಲಿಯೇ ಬಂದವು. ಮಾಸ್ಕೋದಲ್ಲಿ ಅಚ್ಚಾದ ಕನ್ನಡ ಪುಸ್ತಕಗಳೂ, ಭಾರತದ ಹಲವು ಭಾಷೆಗಳಲ್ಲಿ ಹೊರಡುತ್ತಿದ್ದ ‘ಸೋವಿಯತ್ ಲ್ಯಾಂಡ್’ ಪತ್ರಿಕೆಯೂ ಅವುಗಳನ್ನು ಹೊತ್ತು ತಂದವು. ಸಿಂಧನೂರು, ಲಿಂಗಸುಗೂರುಗಳ ಪುಸ್ತಕಭಂಡಾರದಲ್ಲಾಗಲಿ ಶಾಲೆಯ ಪೆಟ್ಟಿಗೆಯಲ್ಲಾಗಲಿ ಇಂತಹ ಚಿತ್ರವೊಂದು ಕೈಗೆ ಬಂದರೆ, ಮೊದಲು ಅದನ್ನು ಭೂತಗನ್ನಡಿಯಿಂದ ನೋಡಬೇಕು. ಸಾಲುಸಾಲಾಗಿ ಚುಕ್ಕೆಗಳು ಕಂಡರೆ ಅದು ಬ್ಲಾಕಿನಿಂದ ಅಚ್ಚಾದ ಕತ್ತರಿಕೆ. ಅದರ ಬೆನ್ನಿನ ಮೇಲಿನ ಅಚ್ಚುಬರಹವೇ ಪತ್ರಿಕೆಯ ಸಂಚಿಕೆಯತ್ತ ದಾರಿ ತೋರಿಸಬಹುದು. ಚುಕ್ಕೆಗಳಿಲ್ಲದೆ ಛಾಯೆಯು ಅಖಂಡವಾಗಿದ್ದರೆ ಅದು ಛಾಯಾಪ್ರತಿಯಾಗಿರುವುದು ಸಂಭವ. ಆಗ ಹಿಂಬದಿಯ ಮುದ್ರೆ, ಸಂಖ್ಯೆ, ಕೈಬರಹಗಳನ್ನು ಇದ್ದಂತೆಯೇ ಪ್ರತಿಮಾಡಿಕೊಳ್ಳಬೇಕು. ಚಿತ್ರದ ಅಂಚುಗಳನ್ನು ಕತ್ತರಿಸಬಾರದು, ಹಿಂಬದಿಗೆ ಅಂಟು ಹಚ್ಚಬಾರದು. ಅದಾದ ಮೇಲೆ ಚಿತ್ರದೊಳಗಿನ ಅಕ್ಷರ, ಉಡುಪು, ಕಟ್ಟಡಗಳಿಂದ ಇದಕ್ಕಿಂತ ಹಿಂದಿನದಲ್ಲ, ಇದಕ್ಕಿಂತ ಈಚಿನದಲ್ಲ ಎಂಬ ಎರಡು ಗಡಿಗಳನ್ನು ಹಾಕಬೇಕು. ಅಡಿಬರಹವನ್ನು ಕೊನೆಯಲ್ಲಿ ಓದಿ, ಅದು ಆ ಗಡಿಗಳೊಳಗೆ ನಿಲ್ಲುವುದೋ ಇಲ್ಲವೋ ಎಂದು ಪರೀಕ್ಷಿಸಬೇಕು.

ಇಷ್ಟು ಶ್ರಮವು ಒಂದು ಚಿತ್ರಕ್ಕೆ ಅಗತ್ಯವೇ ಎಂಬ ಆಕ್ಷೇಪಣೆಗೆ ಉತ್ತರವು ಮೇಲಿನ ಉದಾಹರಣೆಗಳಲ್ಲಿಯೇ ಇದೆ. ಚಕ್ರವರ್ತಿಯೊಬ್ಬನ ಹೆಸರು ಒಂದು ಬಂಡೆಯ ದೆಸೆಯಿಂದ ಅವನ ಶಾಸನಗಳಿಗೆ ನಿಸ್ಸಂದೇಹವಾಗಿ ಸೇರಿತು. ಯುದ್ಧದಲ್ಲಿ ಮಡಿದ ಸಾಮಾನ್ಯನೊಬ್ಬನ ಹೆಸರು ಅವನ ಮುಖಕ್ಕೆ ಸೇರಲು ಒಂದು ಅಡಿಬರಹವನ್ನು ಸಂಶಯಿಸಬೇಕಾಯಿತು. ಮೆಟ್ಟಿಲಿನಿಂದ ಅಳಿಸಲ್ಪಟ್ಟ ಇಬ್ಬರು ಹಿಂದಿರುಗಿದ್ದು ಬೇರೊಂದು ಪ್ರತಿಯು ಉಳಿದುದರಿಂದ. ಹಳೆಯ ಪ್ರತಿಯನ್ನು ತಿದ್ದದೆ, ಕತ್ತರಿಸದೆ, ಹಿಂಬದಿಯ ಬರಹದೊಡನೆ ಕಾಪಾಡುವ ಶಾಲೆಯೂ ಮನೆಯೂ ಇಂತಹ ನಿರ್ಣಯಗಳಿಗೆ ಬೇಕಾದ ಸಾಕ್ಷ್ಯವನ್ನೇ ಕಾಪಾಡಿದಂತಾಗುತ್ತದೆ.