ಭಾಷಾ ಪಾಠದಲ್ಲೇ ತಂಟೆ ಏಕೆ?

ಗಣಿತದ ತರಗತಿಯಲ್ಲಿ ಸುಮ್ಮನೆ ಕೂರುವ ಹುಡುಗ ಕನ್ನಡ ಅಥವಾ ಇಂಗ್ಲಿಷ್ ಪೀರಿಯಡ್ ಬಂದೊಡನೆ ಪಕ್ಕದವನನ್ನು ಚುಚ್ಚುತ್ತಾನೆ, ನೀರು ಕುಡಿಯಲು ಎದ್ದು ಹೋಗುತ್ತಾನೆ, ಓದು ಎಂದರೆ ಪುಸ್ತಕವನ್ನೇ ತಂದಿಲ್ಲ ಎನ್ನುತ್ತಾನೆ. ಶಾಲೆಯಿಂದ ಇಂಥ ದೂರು ಬಂದಾಗ ಹಟಮಾರಿ, ಸೋಮಾರಿ ಎಂದು ತೀರ್ಮಾನಿಸಲು ಅವಸರಪಡಬೇಡಿ. ಎಲ್ಲರೆದುರು ಗಟ್ಟಿಯಾಗಿ ಓದುವ ಸರದಿ ಹೆಚ್ಚಾಗಿ ಬರುವುದು ಭಾಷಾ ಪಾಠದಲ್ಲಿ. ಓದಲು ತಡವರಿಸುವ ಮಗುವಿಗೆ ನಗೆಪಾಟಲಾಗುವುದಕ್ಕಿಂತ ಬೈಸಿಕೊಳ್ಳುವುದೇ ವಾಸಿ ಎನಿಸಬಹುದು.

ಮೊದಲು ವೈದ್ಯರಲ್ಲಿ ಕಿವಿ, ಕಣ್ಣು ಪರೀಕ್ಷಿಸಿ. ಪದೇ ಪದೇ ನೆಗಡಿಯಾಗುವ ಮಕ್ಕಳಲ್ಲಿ ಕಿವಿಯ ತಮಟೆಯ ಹಿಂದೆ ದ್ರವ ನಿಂತು ಕೇಳಿಸುವುದು ಮಂದವಾಗುತ್ತದೆ. ಅನೇಕ ವೇಳೆ ನೋವಿರದ ಕಾರಣ ಮನೆಯವರಿಗೆ ತಿಳಿಯುವುದಿಲ್ಲ. ಕರೆದರೆ ಓಗೊಡದಿರುವುದು, ಟಿ.ವಿ. ಸದ್ದು ಹೆಚ್ಚಿಸುವುದು ಇದರ ಸುಳಿವು. ದೃಷ್ಟಿದೋಷವಿದ್ದರೆ ಬೋರ್ಡಿನ ಅಕ್ಷರ ಮಸುಕಾಗಿ ಕಾಣುತ್ತದೆ.

ಇವೆರಡೂ ಸರಿಯಿದ್ದು, 8 ವರ್ಷ ದಾಟಿದರೂ ಒತ್ತಕ್ಷರ ಬಿಟ್ಟು ಓದುವುದು, 'ಮ'-'ವ' ಅದಲುಬದಲು ಮಾಡುವುದು, ಅಕ್ಷರ ಕೂಡಿಸಲು ತಿಣುಕುವುದು ಕಂಡರೆ ಡಿಸ್ಲೆಕ್ಸಿಯಾ ಇರಬಹುದು. ಇದು ಬುದ್ಧಿಮಾಂದ್ಯವಲ್ಲ. ಟಾನಿಕ್ಕಿನಿಂದ ಗುಣವಾಗುವುದೂ ಇಲ್ಲ. ವಿಶೇಷ ಬೋಧನೆ ಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದರ ಪರೀಕ್ಷೆಗೆ ವ್ಯವಸ್ಥೆಯಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಕಲಿಕಾ ನ್ಯೂನತೆಯನ್ನೂ ಒಳಗೊಂಡಿದೆ.

ಕಾರಣ ಯಾವುದೇ ಇರಲಿ, ಚಿಕಿತ್ಸೆಯ ಅರ್ಧಪಾಲು ಶಿಕ್ಷಕರ ಕೈಯಲ್ಲಿದೆ. ಮೊದಲ ಸಲ ಮಗುವನ್ನು ಬಿಟ್ಟು ನೀವೇ ಹೋಗಿ ಅವರನ್ನು ಕಾಣಿರಿ. ಜಗಳಕ್ಕೆ ಹೋಗಬೇಡಿ, ವೈದ್ಯರು ಹೇಳಿದ್ದನ್ನು ತಿಳಿಸಿ ಈ ನಾಲ್ಕು ಸಹಾಯ ಕೇಳಿ:

1. ಮಗುವನ್ನು ಮುಂದಿನ ಬೆಂಚಿನಲ್ಲಿ ಕೂರಿಸುವುದು.

2. ನಾಳೆ ಓದಿಸುವ ನಾಲ್ಕು ಸಾಲನ್ನು ಇಂದೇ ಗುರುತು ಮಾಡಿಕೊಡುವುದು. ಮನೆಯಲ್ಲಿ ನೀವು ಅಭ್ಯಾಸ ಮಾಡಿಸಿ.

3. ತಪ್ಪನ್ನು ಎಲ್ಲರೆದುರು ಎತ್ತಿ ಆಡದೆ ಬಳಿಗೆ ಕರೆದು ತಿದ್ದುವುದು.

4. ದಿನಕ್ಕೆರಡು ನಿಮಿಷ ಪಾಠವಲ್ಲದ ಮಾತಾಡುವುದು: ಕ್ರಿಕೆಟ್, ಮನೆಯ ನಾಯಿಮರಿ, ಏನಾದರೂ ಸರಿ.

ನಾಲ್ಕನೆಯದನ್ನು ಹಗುರವಾಗಿ ಕಾಣಬೇಡಿ. ಮೇಷ್ಟರಿಗೆ ನಾನು ಬೇಕಾದವನು ಎಂಬ ನಂಬಿಕೆ ಬಂದ ಮಗು ತಪ್ಪು ಓದಲೂ ಧೈರ್ಯ ಮಾಡುತ್ತದೆ. ತಪ್ಪು ಓದದೆ ಯಾರಿಗೂ ಸರಿಯಾಗಿ ಓದಲು ಬಂದಿಲ್ಲ. ಹೊಡೆತ, ಹೀಯಾಳಿಕೆಯಿಂದ ಭಯ ಹೆಚ್ಚುತ್ತದೆ, ಓದು ಬರುವುದಿಲ್ಲ. 2009ರ ಶಿಕ್ಷಣ ಹಕ್ಕು ಕಾಯಿದೆ ಅವೆರಡನ್ನೂ ನಿಷೇಧಿಸಿದೆ.

ನಿಮ್ಮ ಪಾಲಿನ ಪಥ್ಯವೂ ಒಂದಿದೆ. ಮಗುವಿನೆದುರು ಅದರ ಮೇಷ್ಟರನ್ನು ಹಳಿಯಬೇಡಿ. ಮೇಷ್ಟರೆದುರು ಮಗುವನ್ನೂ ಹಳಿಯಬೇಡಿ.