ಐ.ಐ.ಟಿ.ಯಲ್ಲಿ ಸಾಹಿತ್ಯಕ್ಕೇನು ಕೆಲಸ?

ಹೋದ ತಿಂಗಳು ಸಂಘದ ಸಭೆ ಮುಗಿದು ಚಹಾ ಕುಡಿಯುತ್ತಿದ್ದಾಗ ಬಿ.ಎ. ತರಗತಿಯ ಗೆಳೆಯರೊಬ್ಬರು ಕೇಳಿದರು: "ಅಲ್ಲ ಸಾರ್, ಮದ್ರಾಸ್ ಐ.ಐ.ಟಿ.ಯಲ್ಲಿ ಎಂ.ಎ. ಕೂಡ ಮಾಡಬಹುದಂತೆ. ಅಲ್ಲಿ ಸಾಹಿತ್ಯಕ್ಕೇನು ಕೆಲಸ?" ಸುತ್ತ ಇದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಆದರೆ ನಾಲ್ಕು ವರ್ಷ ಅಲ್ಲಿ ಬಿ.ಟೆಕ್. ಓದಿ ಬಂದವನಾದ್ದರಿಂದ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಸಂಪಾದಕರು "ಅದನ್ನೇ ಬರೆದುಕೊಡಿ, ಮೂರು ಪುಟ ಖಾಲಿ ಇದೆ" ಎಂದು ದುಂಬಾಲು ಬಿದ್ದರು. ಬರೆದಿದ್ದೇನೆ.

ಮೊದಲು ಜಾಗ ಯಾವುದೆಂದು ಹೇಳಬೇಕು. ಚೆನ್ನೈ ನಗರದ ದಕ್ಷಿಣದಲ್ಲಿ ಅಡ್ಯಾರ್ ಎಂಬ ಹೊಳೆ ಸಮುದ್ರ ಸೇರುತ್ತದೆ. ಹೊಳೆಯ ಹೆಸರೇ ಬಡಾವಣೆಗೂ ಬಂದಿದೆ. ಅಳಿವೆಯ ಬದಿಯಲ್ಲಿ ಥಿಯಾಸಾಫಿಕಲ್ ಸೊಸೈಟಿಯ ತೋಟ, ಅದರೊಳಗೆ 1886ರಲ್ಲಿ ಶುರುವಾದ ಅಡ್ಯಾರ್ ಲೈಬ್ರರಿ. ರುಕ್ಮಿಣೀದೇವಿ ಅರುಂಡೇಲ್ ಅವರು 1936ರಲ್ಲಿ ಕಲಾಕ್ಷೇತ್ರವನ್ನು ಆರಂಭಿಸಿದ್ದೂ ಈ ಅಡ್ಯಾರಿನಲ್ಲೇ. ಆಮೇಲೆ ಅದು ಪಕ್ಕದ ತಿರುವಾನ್ಮಿಯೂರಿಗೆ ಹೋಯಿತು. ಅಡ್ಯಾರಿನಿಂದ ಸರ್ದಾರ್ ಪಟೇಲ್ ರಸ್ತೆ ಹಿಡಿದು ಗಿಂಡಿಯ ಕಡೆ ಬಂದರೆ ಎಡಗಡೆ ಐ.ಐ.ಟಿ.ಯ ಹೆಬ್ಬಾಗಿಲು. ಬಾಗಿಲು ಅಂತ ಹೆಸರಿಗೆ. ಒಳಗೆ ಹೊಕ್ಕರೆ ಕಾಡು. ಆಲದ ಮರಗಳು, ಜಿಂಕೆ, ಕೃಷ್ಣಮೃಗ, ಮತ್ತೆ ಕಿಟಕಿ ಮುಚ್ಚದಿದ್ದರೆ ನಿಮ್ಮ ಸೋಪನ್ನೂ ಬಿಡದ ಕೋತಿಗಳು. ಇದು ಗಿಂಡಿಯ ಕಾಡಿನದೇ ಒಂದು ಭಾಗವಾಗಿದ್ದ ನೆಲ, ಹತ್ತಿರ ಹತ್ತಿರ 250 ಹೆಕ್ಟೇರು.

1959ರಲ್ಲಿ ಪಶ್ಚಿಮ ಜರ್ಮನಿಯ ಸಹಾಯದಿಂದ ಸಂಸ್ಥೆ ಆರಂಭವಾಯಿತು. ಅದರ ಗುರುತಾಗಿ ಒಳಗೆ ಬಾನ್ ಅವೆನ್ಯೂ ಎಂಬ ರಸ್ತೆ ಇವತ್ತಿಗೂ ಇದೆ. ಅದೇ ವರ್ಷ ಜುಲೈ 31ರಂದು ಉದ್ಘಾಟನೆ ಮಾಡಿದವರು ಹುಮಾಯೂನ್ ಕಬೀರ್. ಇವರು ಬಂಗಾಳಿಯ ಸಾಹಿತಿ, ತತ್ತ್ವಶಾಸ್ತ್ರದ ಅಧ್ಯಾಪಕರಾಗಿದ್ದವರು. ಆಗ ಕೇಂದ್ರದಲ್ಲಿ 'ವೈಜ್ಞಾನಿಕ ಸಂಶೋಧನೆ ಮತ್ತು ಸಾಂಸ್ಕೃತಿಕ ವ್ಯವಹಾರ'ಗಳ ಮಂತ್ರಿ. ಎರಡೂ ಒಂದೇ ಖಾತೆ! 1964ರಲ್ಲಿ ಮೊದಲ ತಂಡಕ್ಕೆ ಪದವಿ ಕೊಡಲು ಬಂದವರು ರಾಷ್ಟ್ರಪತಿ ರಾಧಾಕೃಷ್ಣನ್, ನಮ್ಮ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಹೇಳಿಕೊಟ್ಟಿದ್ದವರು. ಎಂಜಿನಿಯರಿಗೆ ಯಂತ್ರದ ಜೊತೆ ಮನುಷ್ಯನ ಬಗ್ಗೆಯೂ ಒಂದಿಷ್ಟು ಗೊತ್ತಿರಬೇಕು ಎಂಬ ಯೋಚನೆ ಆ ಕಾಲದ ಗಾಳಿಯಲ್ಲೇ ಇತ್ತು ಎಂದು ಕಾಣುತ್ತದೆ. ಅಲ್ಲಿ ಬಿ.ಟೆಕ್. ಓದುವವನು ಮಾನವಿಕ ಮತ್ತು ಸಮಾಜ ವಿಜ್ಞಾನಗಳ ವಿಭಾಗದಿಂದ ಕೆಲವು ಪತ್ರಿಕೆಗಳನ್ನು ತೆಗೆದುಕೊಳ್ಳಲೇಬೇಕು. ಅರ್ಥಶಾಸ್ತ್ರವೋ, ತತ್ತ್ವಶಾಸ್ತ್ರವೋ, ಸಾಹಿತ್ಯವೋ ಅವನಿಷ್ಟ.

ಓದಿನ ವ್ಯವಸ್ಥೆ ನಮ್ಮ ಕಾಲೇಜುಗಳ ಹಾಗಲ್ಲ. ವಾರದ ವೇಳಾಪಟ್ಟಿಯನ್ನು ಎ, ಬಿ, ಸಿ ಎಂದು ಸ್ಲಾಟುಗಳಾಗಿ ಹಂಚಿರುತ್ತಾರೆ. ಒಂದು ಸ್ಲಾಟಿನಲ್ಲಿರುವ ಪತ್ರಿಕೆಗಳಲ್ಲಿ ಒಂದನ್ನೇ ಆರಿಸಿಕೊಳ್ಳಲು ಸಾಧ್ಯ. ನೂರಕ್ಕೆ ಎಷ್ಟು ಅಂಕ ಎಂಬುದಕ್ಕೆ ಅಷ್ಟು ಬೆಲೆಯಿಲ್ಲ, ಗ್ರೇಡಿಗೆ ಬೆಲೆ. ಎಸ್ ಎಂದರೆ ಹತ್ತು ಪಾಯಿಂಟು, ಎ ಒಂಬತ್ತು, ಬಿ ಎಂಟು, ಸಿ ಏಳು, ಡಿ ಆರು, ಇ ನಾಲ್ಕು. ಯು ಬಂದರೆ ಸೊನ್ನೆ, ಅಂದರೆ ಫೇಲು. ಹಾಜರಿ ಶೇಕಡಾ 85ಕ್ಕಿಂತ ಕಡಿಮೆಯಾದರೆ ಡಬ್ಲ್ಯೂ, ಪರೀಕ್ಷೆಗೇ ಕೂರಿಸುವುದಿಲ್ಲ. ಗ್ರೇಡು ಕೊಡುವಾಗ ಇಡೀ ತರಗತಿಯ ಅಂಕಗಳನ್ನು ಎದುರಿಗಿಟ್ಟುಕೊಂಡು ಗೆರೆ ಎಳೆಯುತ್ತಾರೆ. ಅರವತ್ತು ಅಂಕ ಒಂದು ಕಡೆ 'ಎ' ಆಗಬಹುದು, ಇನ್ನೊಂದು ಕಡೆ 'ಡಿ'. ಹಾಗಾಗಿ ನೀವು ಎಷ್ಟು ಬರೆದಿರಿ ಎನ್ನುವಷ್ಟೇ ಪಕ್ಕದವನು ಎಷ್ಟು ಬರೆದ ಎನ್ನುವುದೂ ಮುಖ್ಯ. ಊರಿಗೆಲ್ಲ ಮೊದಲಿಗನಾಗಿದ್ದವನು ಅಲ್ಲಿ ಬಂದು ಮೊದಲ ಸೆಮಿಸ್ಟರಿಗೇ ಸುಮ್ಮನಾಗಿಬಿಡುವುದನ್ನು ಕಣ್ಣಾರೆ ಕಂಡಿದ್ದೇನೆ. ಅವನು ದಡ್ಡನಾದದ್ದಲ್ಲ, ಪಕ್ಕದಲ್ಲಿರುವವರೂ ಅವರವರ ಊರಿನ ಮೊದಲಿಗರೇ, ಅಷ್ಟೆ.

ಹಾಸ್ಟೆಲುಗಳಿಗೆಲ್ಲ ನದಿಗಳ ಹೆಸರು. ಕಾವೇರಿ, ಕೃಷ್ಣಾ, ತುಂಗಾ, ಭದ್ರಾ ಎಲ್ಲ ಉಂಟು. ಸಾಗರದ ಕಡೆಯವನಾದ ನಾನು ಶರಾವತಿ ಎಂಬ ಬೋರ್ಡು ಕಂಡು ಹಿಗ್ಗಿದೆ. ವಿಚಾರಿಸಿದರೆ ಅದು ಹುಡುಗಿಯರ ಹಾಸ್ಟೆಲು. ಮೆಸ್ಸಿನ ಊಟದ ಬಗ್ಗೆ ಬರೆಯುವುದಿಲ್ಲ. ಎಲ್ಲ ಮೆಸ್ಸುಗಳ ಕತೆಯೂ ಒಂದೇ.

ಈಗ ಸಾಹಿತ್ಯದ ವಿಷಯ. ಎಂಜಿನಿಯರಿಂಗ್ ಹುಡುಗರಲ್ಲಿ ಮಾನವಿಕ ಪತ್ರಿಕೆ ಎಂದರೆ ಗ್ರೇಡು ಎತ್ತಿಕೊಳ್ಳಲು ಸುಲಭದ ದಾರಿ ಎಂಬ ನಂಬಿಕೆ. ನಾನೂ ಹಾಗೇ ನಂಬಿ ಮೂರನೆಯ ವರ್ಷ ಅನುವಾದದಲ್ಲಿ ಭಾರತೀಯ ಕಾದಂಬರಿಗಳ ಪತ್ರಿಕೆ ಆರಿಸಿಕೊಂಡೆ. ಬೆಳಗ್ಗೆ ಎಂಟರ ಸ್ಲಾಟು ಅಲ್ಲ ಎಂಬುದೂ ಒಂದು ಕಾರಣ, ಸುಳ್ಳೇಕೆ ಹೇಳಲಿ. ನಾಲ್ಕನೆಯ ವಾರ ಯು.ಆರ್. ಅನಂತಮೂರ್ತಿಯವರ 'ಸಂಸ್ಕಾರ' ಬಂತು, ಎ.ಕೆ. ರಾಮಾನುಜನ್ ಅವರ 1976ರ ಇಂಗ್ಲಿಷ್ ಅನುವಾದದಲ್ಲಿ. ಮೇಡಂ ಕೇಳಿದರು, "ಇಲ್ಲಿ ಕನ್ನಡದವರು ಯಾರಿದ್ದೀರಿ?" ನಾನೊಬ್ಬನೇ. ಹೆಮ್ಮೆಯಿಂದಲೇ ಕೈ ಎತ್ತಿದೆ. "ಹಾಗಾದರೆ ನೀವು ಹೇಳಿ. ಅನುವಾದಕರು ಹೆಸರನ್ನು ಇಂಗ್ಲಿಷಿಗೆ ತರದೆ ಹಾಗೇ ಏಕೆ ಬಿಟ್ಟರು? ಮೂಲದಲ್ಲಿ ಈ ಮಾತಿಗೆ ಏನೇನು ಅರ್ಥ ಬರುತ್ತದೆ?"

ಸಂಸ್ಕಾರ ಅಂದರೆ ಒಳ್ಳೆಯ ನಡತೆ ಎಂದೆ. ಅವರು ಪುಸ್ತಕದ ಆರಂಭದ ಪುಟ ತೆಗೆಯಲು ಹೇಳಿದರು. ಅಲ್ಲಿ ಕಿಟೆಲ್ ಅವರ 1894ರ ಕನ್ನಡ-ಇಂಗ್ಲಿಷ್ ಕೋಶದಿಂದ ಆ ಒಂದೇ ಶಬ್ದದ ಅರ್ಥಗಳನ್ನು ಸಾಲಾಗಿ ಕೊಟ್ಟಿದ್ದರು. ನಡತೆ ತಿದ್ದುವುದೂ ಸಂಸ್ಕಾರ, ಹೆಣ ಸುಡುವುದೂ ಸಂಸ್ಕಾರ. ಸತ್ತ ನಾರಣಪ್ಪನ ಹೆಣವನ್ನು ಯಾರು ಸುಡಬೇಕು ಎಂಬುದೇ ಕತೆ. ಸುಡುವುದು ಸರಿಯೋ ತಪ್ಪೋ ಹೇಳಬೇಕಾದ ಪ್ರಾಣೇಶಾಚಾರ್ಯರ ಸ್ವಂತ ನಡತೆ ಏನಾಯಿತು ಎಂಬುದೂ ಅದೇ ಕತೆ. ಎರಡನ್ನೂ ಒಂದೇ ಮಾತು ಹಿಡಿದಿದೆ. ಮೇಡಂ ಮತ್ತೆ ಕೇಳಿದರು, "ಅಗ್ರಹಾರದವರ ಮಾತು ಮೂಲದಲ್ಲಿ ಹೇಗಿದೆ? ಇಷ್ಟೇ ಗಂಭೀರವಾಗಿದೆಯೇ?" ನಾನು ಎದ್ದು ನಿಂತೇ ಇದ್ದೆ. ನಾನು ಅದನ್ನು ಓದಿರಲಿಲ್ಲ. ಹಾಗಂತ ಹೇಳಿ ಕೂತೆ.

ಹತ್ತನೆಯ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವನು ನಾನು. ಪಿ.ಯು.ಸಿ.ಗೆ ಬಂದಾಗ ನೂರಕ್ಕೆ ನೂರು ಬೀಳುತ್ತದೆ ಎಂದು ಕನ್ನಡ ಬಿಟ್ಟು ಸಂಸ್ಕೃತ ತೆಗೆದುಕೊಂಡಿದ್ದೆ. ಅಂಕವೇನೋ ಬಿತ್ತು. 'ಸಂಸ್ಕಾರ' ಎಂಬ ಸಂಸ್ಕೃತ ಶಬ್ದದ ಮುಂದೆಯೇ ಮುಗ್ಗರಿಸಿದೆನಲ್ಲ ಎಂದು ಆ ರಾತ್ರಿ ನಗು ಬರಲಿಲ್ಲ, ಈಗ ಬರುತ್ತದೆ.

ಅಣ್ಣನಿಗೆ ಫೋನ್ ಮಾಡಿದೆ. ಪುಸ್ತಕ ಕೊರಿಯರಿನಲ್ಲಿ ಬಂತು, ಜೊತೆಗೆ ಅಮ್ಮನ ಚಕ್ಕುಲಿ. ಎರಡು ರಾತ್ರಿ ಎರಡೂ ಪುಸ್ತಕಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಓದಿದೆ. 'ಮಡಿ', 'ಮೈಲಿಗೆ' ಎಂಬಲ್ಲಿ ಇಂಗ್ಲಿಷು ತಡವರಿಸುವುದು ಕಂಡಿತು. ಮಡಿ ಎಂದು ನಾನು ವಿವರಿಸಲು ಹೊರಟರೆ ರೂಮಿನ ತಮಿಳು ಗೆಳೆಯ "ನಮ್ಮ ಪಾಟಿಯೂ ಮಡಿ ಎಂದೇ ಅನ್ನುತ್ತಾಳೆ" ಎಂದ, ಆಂಧ್ರದವನು "ನಮ್ಮಲ್ಲೂ ಅದೇ" ಎಂದ. ಕಾನ್ಪುರದ ಹುಡುಗನಿಗೆ ಮಾತ್ರ ಎಲ್ಲವನ್ನೂ ಹೇಳಬೇಕಾಯಿತು. ಅವನು ಮೆಕ್ಯಾನಿಕಲ್ ವಿಭಾಗದವನು. ಕೇಳಿ ಕೇಳಿ ಬೇಸತ್ತು ಒಂದು ಗ್ರಾಫ್ ಹಾಳೆಯಲ್ಲಿ ದೂರ್ವಾಸಪುರದ ಅಗ್ರಹಾರದ ನಕ್ಷೆಯನ್ನೇ ಬರೆದ. ಹೆಣ ಇಲ್ಲಿ, ಆಚಾರ್ಯರ ಮನೆ ಅಲ್ಲಿ, ನಾತ ಯಾವ ಜಗಲಿಗೆ ಮೊದಲು ಮುಟ್ಟುತ್ತದೆ ಎಂದು ಬಾಣದ ಗುರುತು ಸಹ ಹಾಕಿದ. ಅಂಥ ವಿಮರ್ಶೆಯನ್ನು ನಾನು ಬೇರೆಲ್ಲೂ ನೋಡಿಲ್ಲ.

ಇನ್ನೂ ಕೆಲವು ಸಂಗತಿಗಳು ಆಗಲೇ ತಿಳಿದವು. ಈ ಕಾದಂಬರಿಯನ್ನು ಅನಂತಮೂರ್ತಿ ಬರೆದದ್ದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ, ತಾವೇ ಸಂಶೋಧನಾ ವಿದ್ಯಾರ್ಥಿಯಾಗಿದ್ದಾಗ. ಪ್ರಕಟವಾದದ್ದು 1965ರಲ್ಲಿ. 1970ರಲ್ಲಿ ಪಟ್ಟಾಭಿರಾಮ ರೆಡ್ಡಿ ಇದನ್ನು ಸಿನಿಮಾ ಮಾಡಿದಾಗ ಪ್ರಾಣೇಶಾಚಾರ್ಯನಾದ ಗಿರೀಶ ಕಾರ್ನಾಡರು ಅದಕ್ಕೂ ಮುಂಚೆ ವರ್ಷಗಟ್ಟಲೆ ಇದೇ ಮದರಾಸಿನಲ್ಲಿ ಆಕ್ಸ್‌ಫರ್ಡ್ ಪ್ರಕಾಶನದ ಕೆಲಸದಲ್ಲಿದ್ದವರು. ಆ ಕಿಟೆಲ್ ಕೋಶವನ್ನು ಎಂ. ಮರಿಯಪ್ಪ ಭಟ್ಟರು ಪರಿಷ್ಕರಿಸಿದ್ದು, 1968ರಿಂದ ಸಂಪುಟಗಳಾಗಿ ಹೊರಬಂದದ್ದು ಮದರಾಸು ವಿಶ್ವವಿದ್ಯಾನಿಲಯದಿಂದ. ಅಡ್ಯಾರಿನಿಂದ ಒಂದು ಬಸ್ಸು ಹತ್ತಿದರೆ ಸಿಗುವ ಜಾಗ. ಎರಡು ವರ್ಷ ಅಲ್ಲೇ ಇದ್ದೂ ನನಗೆ ಗೊತ್ತಿರಲಿಲ್ಲ.

ಆ ಪತ್ರಿಕೆಯಲ್ಲಿ ನನಗೆ ಬಂದದ್ದು 'ಸಿ'. ನ್ಯಾಯವಾಗಿಯೇ ಬಂತು. ಕೊನೆಯ ಪ್ರಬಂಧ ಬಿಟ್ಟರೆ ಉಳಿದದ್ದೆಲ್ಲ ಗೈಡು ನೋಡಿ ಬರೆದದ್ದು. ಗೈಡಿನ ಭಾಷೆ ಅವರಿಗೆ ಮೊದಲ ಸಾಲಿನಲ್ಲೇ ಗೊತ್ತಾಗುತ್ತದೆ.

ಇನ್ನು ಎಂ.ಎ. ವಿಚಾರ. 2006ರಲ್ಲಿ ಪಿ.ಯು.ಸಿ. ಆದವರಿಗಾಗಿ ಐದು ವರ್ಷದ ಎಂ.ಎ. ಆರಂಭಿಸಿದ್ದರು, ಅದಕ್ಕೆ ಪ್ರತ್ಯೇಕ ಪ್ರವೇಶ ಪರೀಕ್ಷೆ ಇತ್ತು. 2023ರಿಂದ ಅದಕ್ಕೆ ಹೊಸಬರನ್ನು ತೆಗೆದುಕೊಳ್ಳುವುದು ನಿಂತು, ಪದವಿ ಮುಗಿಸಿದವರಿಗೆ ಎರಡು ವರ್ಷದ ಎಂ.ಎ. ಬಂದಿದೆ: ಇಂಗ್ಲಿಷ್ ಅಧ್ಯಯನ, ಅಭಿವೃದ್ಧಿ ಅಧ್ಯಯನ, ಅರ್ಥಶಾಸ್ತ್ರ. ಪ್ರವೇಶ 'ಗೇಟ್' ಪರೀಕ್ಷೆಯ ಮೂಲಕ. ಗೇಟ್ ಎಂದರೆ ಎಂಜಿನಿಯರುಗಳದು ಎಂದು ಹೆದರಬೇಕಾಗಿಲ್ಲ. 2021ರಿಂದ ಅದರಲ್ಲಿ ಮಾನವಿಕಗಳಿಗೂ ಒಂದು ಪತ್ರಿಕೆ ಇದೆ. ನೂರರಲ್ಲಿ 15 ಅಂಕ ಸಾಮಾನ್ಯ ಸಾಮರ್ಥ್ಯಕ್ಕೆ, 25 ತರ್ಕ ಮತ್ತು ಓದಿ ಅರ್ಥಮಾಡಿಕೊಳ್ಳುವುದಕ್ಕೆ, ಉಳಿದ 60 ನೀವು ಆರಿಸಿದ ವಿಷಯಕ್ಕೆ. ಇಂಗ್ಲಿಷ್, ಭಾಷಾಶಾಸ್ತ್ರ, ಸಮಾಜಶಾಸ್ತ್ರ, ತತ್ತ್ವಶಾಸ್ತ್ರ, ಮನಶ್ಶಾಸ್ತ್ರ, ಅರ್ಥಶಾಸ್ತ್ರ ಇವುಗಳಲ್ಲಿ ಒಂದು. ಬಿ.ಎ. ಮೂರನೆಯ ವರ್ಷದಲ್ಲೇ ಬರೆಯಬಹುದು. ನಮ್ಮಲ್ಲಿ ಕನ್ನಡ ಐಚ್ಛಿಕ ಓದಿದವರಿಗೆ ಭಾಷಾಶಾಸ್ತ್ರದ ಭಾಗ ಪೂರಾ ಹೊಸದೇನಲ್ಲ, ಆದರೆ ಯಾವ ವಿಷಯದ ಅಂಕವನ್ನು ಯಾವ ಎಂ.ಎ.ಗೆ ಒಪ್ಪುತ್ತಾರೆ ಎಂದು ಆಯಾ ವರ್ಷದ ಪ್ರಕಟಣೆ ನೋಡಿಯೇ ಅರ್ಜಿ ಹಾಕಬೇಕು.

ತೊಂದರೆ ಇರುವುದು ಇಂಗ್ಲಿಷಿನಲ್ಲಿ. ಬಿ.ಟೆಕ್. ಕಡೆಯ ಜೆ.ಇ.ಇ. ಮೇನ್ ಪರೀಕ್ಷೆಯನ್ನು 2021ರಿಂದ ಕನ್ನಡದಲ್ಲೂ ಬರೆಯಬಹುದು, ಅದರ ಮುಂದಿನ ಅಡ್ವಾನ್ಸ್‌ಡ್ ಮಾತ್ರ ಇಂಗ್ಲಿಷ್, ಹಿಂದಿಯಲ್ಲಷ್ಟೇ. ಗೇಟ್ ಪೂರಾ ಇಂಗ್ಲಿಷು. ದಿನಕ್ಕೆ ಹತ್ತು ಪುಟ ಇಂಗ್ಲಿಷ್ ಗದ್ಯ ಓದಿ, ಅದರಲ್ಲಿ ಲೇಖಕ ಏನು ಹೇಳಿದ ಎಂದು ಐದು ಸಾಲು ಇಂಗ್ಲಿಷಿನಲ್ಲೇ ಬರೆಯುವ ಅಭ್ಯಾಸ ಈಗಿನಿಂದ ಮಾಡಿಕೊಳ್ಳಿ. ಹಾಗೆ ಓದುವುದಕ್ಕೆ ಪುಸ್ತಕ ಬೇಕಾದವರು ನನ್ನ ಹತ್ತಿರ ಕೇಳಬಹುದು. 'ಸಂಸ್ಕಾರ' ಎರಡು ಭಾಷೆಯಲ್ಲೂ ಇದೆ. ನಕ್ಷೆಯ ಹಾಳೆ ಕನ್ನಡ ಪ್ರತಿಯೊಳಗಿದೆ, ಬೀಳಿಸದೆ ವಾಪಸು ಕೊಟ್ಟರಾಯಿತು.